ಶಿರಸಿ ಸೀಮೆಯ ಗುಡ್ಡದ ಮೇಲೆ ‘ಕಡವಿನಮನೆ’ ಎಂಬ ಹೆಸರು ಹೇಗೆ ಬಂತು? ಹಳೆಯ ನಕಾಶೆ, ಹಳೆಯ ದಾರಿ ಬಲ್ಲವರು ಹೇಳಿ

ಕಡವಿನಮನೆ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮದು ಹವ್ಯಕರ ಮನೆ, ಶಿರಸಿ-ಸಿದ್ದಾಪುರ ತಾಲೂಕುಗಳ ಗಡಿಯಲ್ಲಿ, ತೋಟದ ಮೇಲಿನ ದರೆಯಲ್ಲಿದೆ. ಹತ್ತಿರದಲ್ಲಿ ಹೊಳೆಯಿಲ್ಲ. ಇರುವುದು ಮಳೆಗಾಲದಲ್ಲಿ ಸೊಕ್ಕಿ ಹರಿದು ಮಾಘದ ಹೊತ್ತಿಗೆ ಒಣಗುವ ಒಂದು ಹಳ್ಳ. ಆದರೂ ಊರಿನವರು ನಮ್ಮನ್ನು ಕರೆಯುವುದು ‘ಕಡವಿನಮನೆಯವರು’ ಅಂತ. ಕಡವು ಅಂದರೆ ದೋಣಿ ದಾಟುವ ಜಾಗ. ದೋಣಿಯೇ ಇಲ್ಲದ ಕಡೆ ಆ ಹೆಸರು ಯಾಕೆ ಎಂದು ಚಿಕ್ಕವಳಿದ್ದಾಗಿಂದ ಕೇಳುತ್ತ ಬಂದಿದ್ದೇನೆ.

ನನ್ನ ಅಜ್ಜಿ, ಅಂದರೆ ಅಪ್ಪನ ಆಯಿ, ಹೇಳುತ್ತಿದ್ದದ್ದು ಇಷ್ಟೇ: “ಉಪ್ಪಿನ ದಾರಿಯಲ್ಲಿ ಬಂದವರು ನಾವು. ಹೊಳೆ ಬಿಟ್ಟಮೇಲೆ ಎರಡು ರಾತ್ರಿ. ಎರಡನೇ ರಾತ್ರಿ ಚಳಿ.” ಅವರು ತೀರಿಕೊಂಡು ಹನ್ನೊಂದು ವರ್ಷವಾಯಿತು. ಇನ್ನೂ ನಾಲ್ಕು ಮಾತು ಕೇಳಿ ಬರೆದಿಟ್ಟುಕೊಳ್ಳಬೇಕಿತ್ತು ಎಂದು ಈಗ ತುಂಬ ಅನಿಸುತ್ತದೆ.

ಇನ್ನೊಂದು ವಿಷಯ. ಪ್ರತಿ ವರ್ಷ ಹೊಸ ಅಡಿಕೆ ಒಣಗಿಸಿದ ಮೇಲೆ ಐದು ತೆಂಗಿನಕಾಯಿ, ಒಂದು ಸೇರು ಅಡಿಕೆಯನ್ನು ‘ಕೆಳಗಿನ ಅಮ್ಮನಿಗೆ’ ಎಂದು ತೆಗೆದಿಡುವ ಪದ್ಧತಿ ನಮ್ಮಲ್ಲಿದೆ. ಅಜ್ಜನ ಕಾಲದಲ್ಲಿ ಅದನ್ನು ಯಾರೋ ಒಯ್ಯುತ್ತಿದ್ದರಂತೆ. ಈಗ ಅದೆಲ್ಲ ಊರ ದೇವಸ್ಥಾನಕ್ಕೇ ಹೋಗುತ್ತದೆ. ಆ ಕೆಳಗಿನ ಅಮ್ಮ ಯಾವ ಊರಿನ ಅಮ್ಮ ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಮೊಬೈಲಿನ ನಕಾಶೆಯಲ್ಲಿ ‘ಕಡವು’ ಎಂದು ಹುಡುಕಿ ಹುಡುಕಿ ಸಾಕಾಯಿತು. ಎಲ್ಲಿಂದ ಶುರುಮಾಡಲಿ?

ಹಳೆನಕಾಶೆ

ಮೊಬೈಲಿನ ನಕಾಶೆಯಲ್ಲಿ ಸಿಗುವುದಿಲ್ಲ ಅಕ್ಕಾ. ಅದಕ್ಕೆ ಗೊತ್ತಿರುವುದು ಈಗ ಕಾರು ಓಡುವ ದಾರಿ. ನಿಮ್ಮವರು ನಡೆದು ಬಂದವರು. ಅವರ ದಾರಿ ಬೇಕಾದರೆ ಸರ್ವೆ ಆಫ್ ಇಂಡಿಯಾದ ಹಳೆಯ ಹಾಳೆಗಳನ್ನು ನೋಡಬೇಕು.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಬಹುಭಾಗ ‘48 ಜೆ’ ಎಂಬ ಚೌಕದಲ್ಲಿದೆ. ಹಳಿಯಾಳ, ದಾಂಡೇಲಿ, ಜೋಯಿಡಾ ಅದರ ಮೇಲಿನ ‘48 ಐ’ಯಲ್ಲಿ ಬರುತ್ತವೆ. ಭಟ್ಕಳ ಕೆಳಗಿನ ‘48 ಕೆ’ಗೆ ಸೇರುತ್ತದೆ. ಒಂದು ಚೌಕವನ್ನು ಹದಿನಾರು ಹಾಳೆ ಮಾಡಿರುತ್ತಾರೆ, ಎಡಗಡೆಯಿಂದ ಶುರುವಾಗಿ ಒಂದೊಂದು ಸಾಲೂ ಮೇಲಿಂದ ಕೆಳಕ್ಕೆ ಎಣಿಕೆ. ಕಾರವಾರ 1ನೇ ಹಾಳೆ, ಕುಮಟಾ 7, ಶಿರಸಿ 14, ಸಿದ್ದಾಪುರ 15. ನಿಮ್ಮ ಅಜ್ಜಿ ಹೇಳಿದ ಆ ಎರಡು ರಾತ್ರಿ ಬಹುಶಃ 10 ಮತ್ತು 11ನೇ ಹಾಳೆಯೊಳಗೇ ಕಳೆದಿರುತ್ತದೆ, ಯಾಕೆಂದರೆ ಘಟ್ಟದ ಗೋಡೆ ಇರುವುದೇ ಅಲ್ಲಿ.

ಒಂದು ಮೈಲಿಗೆ ಒಂದು ಇಂಚಿನ ಹಳೆಯ ಹಾಳೆ ಸಿಕ್ಕರೆ ಬಿಡಬೇಡಿ. ಗಾಡಿ ಹೋಗುವ ದಾರಿ, ಹೇರೆತ್ತು (ಬೆನ್ನ ಮೇಲೆ ಸರಕು ಹೊರುವ ಎತ್ತು) ಹೋಗುವ ದಾರಿ, ಬರೀ ಕಾಲುದಾರಿ, ಮೂರಕ್ಕೂ ಬೇರೆ ಬೇರೆ ಗೆರೆ ಇರುತ್ತದೆ. ತಾರಿ, ಅಂದರೆ ಹೊಳೆ ದಾಟಿಸುವ ದೋಣಿ, ಇರುವಲ್ಲಿ ಇಂಗ್ಲಿಷಿನಲ್ಲಿ ‘ಫೆರಿ’ ಎಂದು ಬರೆದಿರುತ್ತದೆ. ಮುಸಾಫಿರ ಬಂಗಲೆ, ಅಂಚೆ ಕಚೇರಿ, ಗುಡಿ, ಪಾಳುಬಿದ್ದ ಊರು ಎಲ್ಲಕ್ಕೂ ಗುರುತುಗಳಿವೆ. ಹಾಳೆಯ ಅಂಚಿನಲ್ಲಿರುವ ಚಿಹ್ನೆಗಳ ಪಟ್ಟಿಯನ್ನು ಮೊದಲು ಅರ್ಧ ಗಂಟೆ ಕೂತು ಓದಿ. ಅದನ್ನು ಓದದೆ ನಕಾಶೆ ಬಿಚ್ಚಿದವರು ಊರಿನ ಹೆಸರನ್ನಷ್ಟೇ ನೋಡುತ್ತಾರೆ, ದಾರಿ ಕಾಣುವುದಿಲ್ಲ.

ಅಮೆರಿಕದ ಸೈನ್ಯದವರು 1950ರ ದಶಕದಲ್ಲಿ ಅಚ್ಚುಮಾಡಿದ, ಎರಡೂವರೆ ಲಕ್ಷಕ್ಕೆ ಒಂದರ ಅಳತೆಯ ಹಾಳೆಗಳೂ ಇವೆ. ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಅವನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಟ್ಟಿದೆ. ಲಿಂಗನಮಕ್ಕಿ, ಸೂಪಾ, ಕದ್ರಾ ಅಣೆಕಟ್ಟುಗಳ ಮೊದಲಿನ ನೆಲ ಅದರಲ್ಲಿ ಹಾಗೇ ಇದೆ.

ಹೆಸರು ಹುಡುಕುವಾಗ ಇಂಗ್ಲಿಷರ ನಾಲಿಗೆಯಲ್ಲಿ ನಮ್ಮ ಊರು ಏನಾಯಿತು ಅಂತ ಯೋಚಿಸಿ. ಹೊನ್ನಾವರ ‘ಓನೋರ್’, ಭಟ್ಕಳ ‘ಬಟ್ಕೋಲ್’, ಕುಮಟಾ ‘ಕೂಂಪ್ಟಾ’, ಸೋಂದಾ ‘ಸೂಂಡಾ’. ಪೋರ್ಚುಗೀಸರ ಬರಹದಲ್ಲಿ ಚಿತ್ತಾಕುಲ ‘ಸಿಂಟಾಕೋರಾ’. ಹೆಸರು ಕೈಕೊಟ್ಟರೂ ಹೊಳೆಯ ತಿರುವು ಕೈಕೊಡುವುದಿಲ್ಲ.

ಕುಮಟೆಯಿಂದ ಹುಬ್ಬಳ್ಳಿಗೆ

ಶಿರಸಿಗೆ ಕೆಳಗಿನಿಂದ ಬಂದವರು ಅಂದರೆ ದೇವಿಮನೆ ಘಟ್ಟವೇ. ಕುಮಟಾ-ಶಿರಸಿ ಸುಮಾರು 60 ಕಿಲೋಮೀಟರು, ಎತ್ತಿನ ಗಾಡಿಗೆ ಎರಡು ರಾತ್ರಿ ಸರಿಯಾಗಿ ಹೊಂದುತ್ತದೆ. ಇಷ್ಟಕ್ಕೆ ನಕಾಶೆ ಯಾಕೆ?

ಆದರೆ ದಾರಿಯಿಂದ ಮನೆತನದ ಕಥೆ ಬಿಚ್ಚಿಕೊಳ್ಳುತ್ತದೆ ಎನ್ನುವುದು ಮಾತ್ರ ನಿಜ. ನಮ್ಮ ಮನೆಯದೇ ಹೇಳುತ್ತೇನೆ. ಮುತ್ತಜ್ಜ ಕುಮಟೆಯಲ್ಲಿ ಹತ್ತಿ ವ್ಯಾಪಾರದವರ ಹತ್ತಿರ ಗುಮಾಸ್ತರಾಗಿದ್ದರು, ದಾಯಾದಿಗಳ ಜಗಳದಿಂದ ಮನೆ ಬಿಟ್ಟು ಹುಬ್ಬಳ್ಳಿಗೆ ಹೋದರು ಎಂದು ಮೂರು ತಲೆಮಾರು ಹೇಳಿಕೊಂಡು ಬಂದಿದ್ದೇವೆ. ಆ ದಾಯಾದಿಗಳ ಮನೆಗೆ ನಾವು ಇವತ್ತಿಗೂ ಹೋಗಿಬರುವುದು ಕಡಿಮೆ.

ನಾನು ದಾರಿಗಳ ವರ್ಷ ಒಟ್ಟುಹಾಕಿ ನೋಡಿದೆ. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಬೊಂಬಾಯಿಗೆ ಹೋಗುತ್ತಿತ್ತು. ಇಂಗ್ಲೆಂಡಿನ ಪೇಟೆಯಲ್ಲಿ ಆ ಹತ್ತಿಯ ಹೆಸರೇ ‘ಕೂಂಪ್ಟಾ’. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ನಮ್ಮ ಕಡೆಯ ಹತ್ತಿಗೆ ಬಂದ ಬೆಲೆ ಅಷ್ಟಿಷ್ಟಲ್ಲ. ಆಮೇಲೆ 1880ರ ದಶಕದಲ್ಲಿ ಹುಬ್ಬಳ್ಳಿ, ಧಾರವಾಡ, ಲೋಂಡಾ, ಕ್ಯಾಸಲ್‌ರಾಕ್ ಮೇಲಿಂದ ಮುರ್ಮುಗೋವಾ ಬಂದರಿಗೆ ರೈಲು ಬಂತು. ಹತ್ತಿ ರೈಲು ಹತ್ತಿತು, ಕುಮಟಾ ಬಂದರು ಖಾಲಿಯಾಯಿತು. ಮುತ್ತಜ್ಜ ಊರು ಬಿಟ್ಟದ್ದು 1890ರ ಆಸುಪಾಸು.

ಜಗಳ ಆಗಿರಲಿಕ್ಕೂ ಸಾಕು. ಆದರೆ ಕೆಲಸವೇ ಇಲ್ಲದ ಊರಿನಿಂದ ಕೆಲಸ ಇರುವ ಊರಿಗೆ ಹೋದ ಮನುಷ್ಯನ ತಪ್ಪನ್ನು ನಾವು ನೂರು ವರ್ಷ ಅಣ್ಣತಮ್ಮಂದಿರ ಮೇಲೆ ಹೊರಿಸಿದೆವಲ್ಲ ಅಂತ ನನಗೆ ಬಹಳ ಬೇಸರವಾಯಿತು. ಕಳೆದ ಚೌತಿಗೆ ಆ ಮನೆಗೆ ಹೋಗಿ ಬಂದೆ.

ಅಂಕೋಲೆ ಮಾಸ್ತರು

ಹುಬ್ಬಳ್ಳಿಯ ತಮ್ಮಾ, ಚೌತಿಗೆ ಹೋಗಿ ಬಂದದ್ದು ಒಳ್ಳೆಯದಾಯಿತು. ಆದರೆ ದೇವಿಮನೆ ಅಂತ ಅಷ್ಟು ಬೇಗ ತೀರ್ಮಾನ ಬೇಡ. ದೇವಿಮನೆಯ ಗಾಡಿ ರಸ್ತೆ 19ನೇ ಶತಮಾನದ ನಡುವಿನದು. ಅದಕ್ಕಿಂತ ಮೊದಲು ಘಟ್ಟದಲ್ಲಿ ಓಡಾಡುತ್ತಿದ್ದದ್ದು ಹೇರೆತ್ತು ಮತ್ತು ತಲೆಹೊರೆ. ಹೇರೆತ್ತಿಗೆ ಒಳ್ಳೆಯ ರಸ್ತೆ ಬೇಡ, ಮೇವು ಮತ್ತು ನೀರು ಬೇಕು. ಹಾಗಾಗಿ ದಾರಿಗಳೂ ಬಹಳ. ನಿಲ್ಕುಂದ, ದೊಡ್ಮನೆ, ದೇವಿಮನೆ, ವಡ್ಡಿ, ಅರಬೈಲು, ಕೈಗಾ, ಅಣಶಿ. ಒಂದೊಂದು ಘಟ್ಟಕ್ಕೂ ಒಂದೊಂದು ಕೆಳಗಿನ ಊರು, ಒಂದೊಂದು ಮೇಲಿನ ಪೇಟೆ.

1801ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ಜಿಲ್ಲೆಯಲ್ಲಿ ಹಾದುಹೋದ. ಟಿಪ್ಪು ಮಡಿದ ಮೇಲೆ ಕಂಪನಿಯ ಕೈಗೆ ಬಂದ ಸೀಮೆ ಹೇಗಿದೆ ನೋಡಿ ಬಾ ಎಂದು ಕಳಿಸಿದ್ದರು. ಭಟ್ಕಳ, ಹೊನ್ನಾವರ, ಗೋಕರ್ಣ, ಅಂಕೋಲೆ ದಾಟಿ ಸದಾಶಿವಗಡ, ಅಲ್ಲಿಂದ ಕದ್ರಾ, ಘಟ್ಟ ಹತ್ತಿ ಯಲ್ಲಾಪುರ, ಸೋಂದಾ, ಶಿರಸಿ, ಬನವಾಸಿ. ದಿನಕ್ಕೆ ಎಷ್ಟು ನಡೆದ, ಎಲ್ಲಿ ತಂಗಿದ, ಯಾವ ಬೆಳೆ ಇತ್ತು ಎಂದು ದಿನ ದಿನವೂ ಬರೆದಿದ್ದಾನೆ. ಅವನ ದಿನಚರಿಯನ್ನು ನಕಾಶೆಯ ಪಕ್ಕದಲ್ಲಿಟ್ಟು ಓದಿದರೆ ಒಂದು ದಿನದ ದಾರಿ ಎಂದರೆ ಎಷ್ಟು ಎನ್ನುವ ಅಂದಾಜು ಬರುತ್ತದೆ. 1883ರ ಬೊಂಬಾಯಿ ಪ್ರಾಂತ್ಯದ ಗೆಜೆಟಿಯರಿನಲ್ಲಿ ಕೆನರಾ ಜಿಲ್ಲೆಯದೇ, ಅಂದರೆ ನಮ್ಮ ಜಿಲ್ಲೆಯದೇ, ಎರಡು ಭಾಗ ಇವೆ. ಘಟ್ಟದ ದಾರಿಗಳ ಬಗ್ಗೆ ಬೇರೆಯೇ ಭಾಗ ಇದೆ, ಓದಿ.

ಈಗ ತಂಗೀ, ನಿನಗೊಂದು ಕೆಲಸ. ನಕಾಶೆ ಬಿಚ್ಚುವ ಮೊದಲು ಮನೆಯ ಹಿರಿಯರ ಹತ್ತಿರ ಕೂತು ಒಂದು ಪಟ್ಟಿ ಮಾಡು. ನಿಮಗೆ ಸೂತಕ ಬರುವ ಮನೆಗಳು ಯಾವುವು? ಸಂಬಂಧ ಏನು ಎಂದು ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಯಾರು ಸತ್ತರೆ ನಿಮಗೆ ಕರೆ ಬರುತ್ತದೆ, ಎಷ್ಟು ದಿನ ಹಿಡಿಯುತ್ತೀರಿ ಎಂದು ಬರೆ. ಹತ್ತು ದಿನದ್ದು ಹತ್ತಿರದ ದಾಯಾದಿ, ಏಳು ತಲೆಯೊಳಗೆ. ಮೂರು ದಿನದ್ದು ಏಳು ತಲೆ ದಾಟಿದ್ದು. ವಂಶಾವಳಿ ಬರೆದಿಡದ ಮನೆಗಳೂ ಸೂತಕವನ್ನು ಮರೆಯುವುದಿಲ್ಲ. ಆಮೇಲೆ ಆ ಮನೆಗಳಿಗೆ ನಕಾಶೆಯಲ್ಲಿ ಚುಕ್ಕೆ ಇಡು. ಹಾಗೇ ನಾಲ್ಕು ತಲೆಮಾರಿನ ಹೆಣ್ಣು ತಂದ ಊರು, ಹೆಣ್ಣು ಕೊಟ್ಟ ಊರುಗಳಿಗೆ ಬೇರೆ ಬಣ್ಣದ ಚುಕ್ಕೆ. ಮದುವೆಯ ದಿಬ್ಬಣ ಒಂದು ದಿನದಲ್ಲಿ ಹೋಗಿ ಮುಟ್ಟುವ ದೂರಕ್ಕೆ ಹೆಣ್ಣು ಕೊಡುತ್ತಿದ್ದರು. ಚುಕ್ಕೆಗಳು ತಾವಾಗಿ ದಾರಿಯ ಉದ್ದಕ್ಕೆ ಸಾಲುಗಟ್ಟುವುದನ್ನು ನನ್ನ ಮನೆಯ ನಕಾಶೆಯಲ್ಲಿ ನಾನೇ ಕಂಡಿದ್ದೇನೆ.

ಕೋಡಿಬಾಗದವ

ಕಡವಿನ ಮಾತು ಬಂತು, ಅದಕ್ಕೆ ಬರೆಯುತ್ತಿದ್ದೇನೆ. ನಾವು ಅಂಬಿಗರು. ಕಾಳಿ ಹೊಳೆಗೆ ಸೇತುವೆ ಬರುವ ಮೊದಲು ಕಾರವಾರದ ಕೋಡಿಬಾಗದಿಂದ ಸದಾಶಿವಗಡಕ್ಕೆ ಜನ ದಾಟುತ್ತಿದ್ದದ್ದು ತಾರಿಯಲ್ಲಿ. ಅಪ್ಪ ಕಡೆಯ ತನಕ ಅದರಲ್ಲಿ ಕೆಲಸ ಮಾಡಿದವರು. 2024ರ ಆಗಸ್ಟ್ 7ರ ನಸುಕಿನಲ್ಲಿ ಆ ಹಳೆಯ ಸೇತುವೆ ಕುಸಿದಾಗ ಅಪ್ಪ ಬಹಳ ಹೊತ್ತು ಸುಮ್ಮನೆ ಕೂತಿದ್ದರು. “ಸೇತುವೆ ಬಂದಾಗ ನಮ್ಮ ದೋಣಿ ಹೋಯಿತು. ಈಗ ಸೇತುವೆಯೂ ಹೋಯಿತು” ಅಂದರು. ಅಷ್ಟೇ.

ನಿಮ್ಮೆಲ್ಲರಿಗೆ ಪಹಣಿ, ಖಾತೆ, ತೋಟದ ದಾಖಲೆ ಇರುತ್ತದೆ. ನಮ್ಮಂಥವರಿಗೆ ಭೂಮಿಯೇ ಇರಲಿಲ್ಲ, ಆದ್ದರಿಂದ ಹೆಸರೂ ಇಲ್ಲ. ನಕಾಶೆಯಲ್ಲಿ ‘ಫೆರಿ’ ಎಂಬ ಎರಡಕ್ಷರ ಇದ್ದರೆ ಅಲ್ಲಿ ನಮ್ಮ ಮನೆಯವರು ಇದ್ದರು ಅಂತ ತಿಳಿದುಕೊಳ್ಳಬೇಕು. ನಮ್ಮ ಕಡೆಯವರು ಹುಡುಕುವುದಾದರೆ ತಾರಿಯ ಲಿಲಾವಿನ, ಅಂದರೆ ಹರಾಜಿನ, ಕಾಗದ ನೋಡಿ. ವರ್ಷ ವರ್ಷ ಕಡವನ್ನು ಲಿಲಾವು ಹಾಕುತ್ತಿದ್ದರು. ಯಾರು ಹಿಡಿದರು, ಎಷ್ಟಕ್ಕೆ ಹಿಡಿದರು, ಜಾಮೀನು ಯಾರು ಎಂದು ಬರೆದಿರುತ್ತಾರೆ. ನನ್ನ ಮುತ್ತಜ್ಜನ ಹೆಸರು ನನಗೆ ಸಿಕ್ಕಿದ್ದು ಅಂಥ ಒಂದು ಹಾಳೆಯಲ್ಲಿ, ಜಾಮೀನಿನ ಜಾಗದಲ್ಲಿ, ಹೆಬ್ಬೆಟ್ಟಿನ ಪಕ್ಕ.

ಕಡವಿನಮನೆ ಅಕ್ಕಾ, ಒಂದು ವಿಷಯ ಹೇಳುತ್ತೇನೆ. ಉಪ್ಪಿನ ಮಚವೆ (ಸರಕಿನ ದೋಣಿ) ಹೊಳೆಯಲ್ಲಿ ಮೇಲೆ ಹೋಗುವುದು ಭರತಿಯ, ಅಂದರೆ ಸಮುದ್ರದ ಉಬ್ಬರದ, ಜೊತೆಗೆ. ಭರತಿ ಎಲ್ಲಿಗೆ ನಿಲ್ಲುತ್ತದೋ ಅಲ್ಲಿಗೆ ಮಚವೆಯೂ ನಿಲ್ಲುತ್ತದೆ. ಅಲ್ಲಿ ಸರಕು ಇಳಿಸಿ ಎತ್ತಿನ ಮೇಲೆ ಹೇರಬೇಕು. ಕಾಳಿಗೆ ಅದು ಕದ್ರಾ, ಶರಾವತಿಗೆ ಗೇರುಸೊಪ್ಪೆ. ನಿಮ್ಮ ಅಜ್ಜಿ ‘ಉಪ್ಪಿನ ದಾರಿ’ ಅಂದಿದ್ದಾರೆ, ‘ಹೊಳೆ ಬಿಟ್ಟಮೇಲೆ’ ಅಂದಿದ್ದಾರೆ. ಸಮುದ್ರ ಬಿಟ್ಟಮೇಲೆ ಅಂದಿಲ್ಲ, ಪೇಟೆ ಬಿಟ್ಟಮೇಲೆ ಅಂದಿಲ್ಲ. ಹೊಳೆ ಹತ್ತಿಕೊಂಡು ಬಂದು, ಹೊಳೆ ಬಿಟ್ಟು ನಡೆದವರು.

ಹಳೆನಕಾಶೆ

ಕೋಡಿಬಾಗದ ಅಣ್ಣ ಹೇಳಿದ್ದು ಓದಿ ಮೈ ಜುಮ್ಮೆಂದಿತು. ಅಘನಾಶಿನಿಯಲ್ಲಿ ಅಂಥ ಜಾಗದ ಹೆಸರೇ ಉಪ್ಪಿನಪಟ್ಟಣ! ಮಿರ್ಜಾನ್ ದಾಟಿ ಹೊಳೆಯಲ್ಲಿ ಇನ್ನೂ ಮೇಲಕ್ಕೆ ಹೋದರೆ ಸಿಗುತ್ತದೆ. ಸಾಣಿಕಟ್ಟೆಯ ಉಪ್ಪಿನ ಆಗರ ಅದೇ ಹೊಳೆಯ ಅಳಿವೆಯ ಹತ್ತಿರ. ಆಗರದಿಂದ ದೋಣಿ, ದೋಣಿಯಿಂದ ಎತ್ತು, ಎತ್ತಿನಿಂದ ಘಟ್ಟ. ನಾನು ಇಷ್ಟು ವರ್ಷ ಈ ಹಾಳೆ ನೋಡಿದ್ದೇನೆ, ಆ ಊರಿನ ಹೆಸರನ್ನು ದಾರಿಯ ಜೊತೆ ಸೇರಿಸಿ ಓದಿಯೇ ಇರಲಿಲ್ಲ.

ಸೂಪಾ ಕಡೆಯವಳು

ನಿಮ್ಮ ಚರ್ಚೆ ಓದುತ್ತಿದ್ದೇನೆ. ನಿಮಗೆ ಹೋಗಿ ನಿಂತು ನೋಡಲು ಒಂದು ಕಡವಾದರೂ ಇದೆ.

ನಮ್ಮ ಸೂಪಾ ಪೇಟೆ ಕಾಳಿಯ ಅಣೆಕಟ್ಟಿನ ನೀರಲ್ಲಿ ಮುಳುಗಿತು. ತಾಲೂಕಿನ ಕಚೇರಿ ಜೋಯಿಡಾಕ್ಕೆ ಹೋಯಿತು, ಜನ ರಾಮನಗರಕ್ಕೆ, ಇನ್ನು ಕೆಲವರು ಬೆಳಗಾವಿ, ಗೋವಾ ಕಡೆಗೆ. ನನ್ನ ತಾಯಿಗೆ ಈಗ ಎಂಬತ್ತು ದಾಟಿದೆ. ಹೋದ ವರ್ಷ ಮಗ 1950ರ ದಶಕದ ಆ ಅಮೆರಿಕದ ಹಾಳೆಯನ್ನು ದೊಡ್ಡದಾಗಿ ಅಚ್ಚುಹಾಕಿಸಿ ತಂದ. ಅಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಆದರೆ ಹೊಳೆಯ ಗೆರೆ ಹಿಡಿದು ಬೆರಳು ಓಡಿಸಿ, “ಇಲ್ಲಿ ಪಾಂಡರಿ ಬಂದು ಕಾಳಿಗೆ ಸೇರುತ್ತದೆ, ಇದು ಸೂಪಾ, ಇಲ್ಲಿಂದ ಏರು, ಇಲ್ಲಿ ನಮ್ಮ ಗದ್ದೆ” ಎಂದು ತೋರಿಸಿದರು. ಬೆರಳು ತಪ್ಪಲಿಲ್ಲ. ಆ ದಿನ ಅವರು ಹೇಳಿದ ಮೂವತ್ತೆರಡು ಮನೆಗಳ ಹೆಸರು ನಾನು ಬರೆದುಕೊಂಡಿದ್ದೇನೆ. ಯಾರ ಮನೆಯಲ್ಲಾದರೂ ಹಿರಿಯರಿದ್ದರೆ ನಕಾಶೆಯನ್ನು ಅವರ ಮುಂದೆ ಹರಡಿ. “ನಿಮಗೇನು ನೆನಪಿದೆ” ಎಂದು ಕೇಳಿದರೆ ಅವರು “ಏನೂ ಇಲ್ಲ ಮಗಾ” ಅನ್ನುತ್ತಾರೆ. “ಇಲ್ಲಿಂದ ಸಂತೆಗೆ ಹೇಗೆ ಹೋಗುತ್ತಿದ್ದಿರಿ” ಎಂದು ಕೇಳಿ.

ದಾದರದಿಂದ

ಚಿಕ್ಕ ಮಾತು. ಬೊಂಬಾಯಿಗೆ ಹೋದವರ ಜಾಡು ಹುಡುಕುವವರು ಆಗಬೋಟಿನ (ಉಗಿಹಡಗಿನ) ಕಾಲವನ್ನು ನೆನಪಿಡಿ. ಆಗಬೋಟು ಮಳೆಗಾಲದಲ್ಲಿ ನಿಲ್ಲುತ್ತಿತ್ತು, ಗಣಪತಿ-ದಸರೆ ಕಳೆದ ಮೇಲೆ ಮತ್ತೆ ಶುರು. ನಮ್ಮಜ್ಜ “ಶ್ರಾವಣದಲ್ಲಿ ಹಡಗು ಹತ್ತಿ ಬಂದೆ” ಎಂದು ಹೇಳಿದ್ದನ್ನು ನಾವು ಹಾಗೇ ನಂಬಿದ್ದೆವು. ಶ್ರಾವಣದಲ್ಲಿ ಬಂದಿದ್ದರೆ ಘಟ್ಟ ಹತ್ತಿ ಹುಬ್ಬಳ್ಳಿಯ ರೈಲು ಹಿಡಿದು ಬಂದಿರಬೇಕು. ಹಾಗೆ ಹುಡುಕಿದಾಗಲೇ ಹುಬ್ಬಳ್ಳಿಯಲ್ಲಿ ಅವರು ಎರಡು ವರ್ಷ ಖಾನಾವಳಿಯಲ್ಲಿ ಕೆಲಸ ಮಾಡಿದ್ದು ಗೊತ್ತಾಯಿತು.

ರೆಕಾರ್ಡ್ ರೂಮಿನವ

ನಾನು ಭೂದಾಖಲೆಯ ಕೆಲಸದಲ್ಲಿದ್ದು ನಿವೃತ್ತನಾದವನು. ನಕಾಶೆಯ ಗೆರೆಯಿಂದ ಮನೆಯ ಹೆಸರಿಗೆ ಬರುವುದು ಹೇಗೆ ಎಂದು ಸ್ವಲ್ಪ ಹೇಳುತ್ತೇನೆ.

ಟೋಪೋ ಹಾಳೆಯಲ್ಲಿ ಊರು ಸಿಕ್ಕಿತು ಎನ್ನಿ. ಆಮೇಲೆ ಭೂಮಾಪನ ಇಲಾಖೆಯ ಗ್ರಾಮನಕಾಶೆ ಬೇಕು. ಅದು ಈಗ ಜಾಲತಾಣದಲ್ಲೇ ಸಿಗುತ್ತದೆ. ಆ ಜಾಗದಲ್ಲಿ ನಿಂತು ‘ದಿಶಾಂಕ್’ ಆ್ಯಪ್ ತೆರೆದರೆ ನೀವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂದು ತೋರಿಸುತ್ತದೆ. ಆ ನಂಬರು ಹಿಡಿದು ತಾಲೂಕಿನ ರೆಕಾರ್ಡ್ ರೂಮಿಗೆ ಹೋಗಿ ಕೈಬರಹದ ಪಹಣಿ, ಹಕ್ಕು ಬದಲಾವಣೆಯ ಪುಸ್ತಕ, ಟಿಪ್ಪಣಿ (ಅಳತೆಯ ಕಚ್ಚಾ ನಕಾಶೆ), ಆಕಾರಬಂದ್ (ವಿಸ್ತೀರ್ಣ-ಕಂದಾಯದ ಪಟ್ಟಿ) ಕೇಳಿ. ಕಂಪ್ಯೂಟರ್ ಪಹಣಿಯಲ್ಲಿ ಗದ್ದೆಯ ಹೆಸರು ಇರುವುದಿಲ್ಲ. ಹಳೆಯ ಕ್ರಯಪತ್ರದ ಚೆಕ್ಕುಬಂದಿಯಲ್ಲಿ ಇರುತ್ತದೆ. ‘ಪೂರ್ವಕ್ಕೆ ಹೊಳೆ, ದಕ್ಷಿಣಕ್ಕೆ ಎತ್ತಿನ ದಾರಿ, ಪಶ್ಚಿಮಕ್ಕೆ ಇಂಥವರ ಗದ್ದೆ’ ಎಂದು ನಾಲ್ಕೂ ದಿಕ್ಕು ಬರೆಯುತ್ತಿದ್ದರು. ನೂರು ವರ್ಷದ ಹಿಂದಿನ ಚೆಕ್ಕುಬಂದಿ ಅಂದರೆ ಅಕ್ಷರದಲ್ಲಿ ಬರೆದ ನಕಾಶೆ.

ಎಲ್ಲಿ ಹುಡುಕಬೇಕು ಎನ್ನುವುದಕ್ಕೆ ಒಂದು ವರ್ಷ ಮನಸ್ಸಿನಲ್ಲಿಡಿ: 1862. ಅಲ್ಲಿಯವರೆಗೆ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯ, ಆಮೇಲೆ ಬೊಂಬಾಯಿ ಪ್ರಾಂತ್ಯ, 1956ರಿಂದ ಮೈಸೂರು ರಾಜ್ಯ. ಹಾಗಾಗಿ 1799ರಿಂದ 1862ರವರೆಗಿನ ಮೇಲ್ಮಟ್ಟದ ಕಂದಾಯ ಕಾಗದಗಳಿಗೆ ಚೆನ್ನೈನ ಪತ್ರಾಗಾರ, ನಂತರದವಕ್ಕೆ ಮುಂಬಯಿಯದು. ಬೆಂಗಳೂರಿನಲ್ಲಿ ಹುಡುಕಿ ಏನೂ ಇಲ್ಲ ಎಂದು ಕೈಬಿಟ್ಟವರನ್ನು ಎಷ್ಟೋ ಜನರನ್ನು ನೋಡಿದ್ದೇನೆ. ಶಾನಭಾಗರ ಹಳೆಯ ಕಡತಗಳಲ್ಲಿ ಮೋಡಿ ಅಕ್ಷರವೂ (ಮರಾಠಿಯ ಹಳೆಯ ಕೂಡುಬರಹ) ಇರುತ್ತದೆ, ಓದಲು ಬಲ್ಲವರನ್ನು ಜೊತೆಗೆ ಕರೆದುಕೊಂಡು ಹೋಗಿ.

ಅಂಕೋಲೆ, ಸಿದ್ದಾಪುರ ತಾಲೂಕಿನವರಿಗೆ ಒಂದು ಎಚ್ಚರಿಕೆ. 1930ರ ದಶಕದ ಮೊದಲ ವರ್ಷಗಳಲ್ಲಿ ನಿಮ್ಮ ಜಮೀನಿನ ದಾಖಲೆಯಲ್ಲಿ ಇದ್ದಕ್ಕಿದ್ದಂತೆ ಬೇರೆಯವರ ಹೆಸರು ಕಂಡರೆ, ಅಜ್ಜ ಸಾಲಕ್ಕೆ ಜಮೀನು ಕಳೆದುಕೊಂಡ ಎಂದು ತೀರ್ಮಾನಿಸಬೇಡಿ. ಸ್ವಾತಂತ್ರ್ಯ ಹೋರಾಟದ ಕರನಿರಾಕರಣೆಯಲ್ಲಿ ಸರಕಾರ ಜಪ್ತಿ ಮಾಡಿ ಮಾರಿದ ಜಮೀನು ಅದಾಗಿರಬಹುದು. 1937ರಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಅಂಥ ಜಮೀನುಗಳನ್ನು ಹಿಂದಿರುಗಿಸುವ ಕಾಯದೆ ಆಯಿತು. ನಡುವಿನ ಆ ವರ್ಷಗಳಲ್ಲಿ ಮನೆಯವರು ಎಲ್ಲಿದ್ದರು, ಯಾರ ಮನೆಯ ಜಗಲಿಯಲ್ಲಿ ಮಲಗಿದರು, ಅದನ್ನು ಯಾವ ಪಹಣಿಯೂ ಹೇಳುವುದಿಲ್ಲ. ಅದನ್ನು ಕೇಳಿ ಬರೆದುಕೊಳ್ಳಿ.

ಹಳೆನಕಾಶೆ

ಹಳೆಯ ಹಾಳೆಯನ್ನು ಈಗಿನ ಉಪಗ್ರಹ ಚಿತ್ರದ ಮೇಲೆ ಕೂರಿಸುವವರಿಗೆ ಒಂದು ಮಾತು ಬಿಟ್ಟುಹೋಗಿತ್ತು. ನದಿಯ ಅಳಿವೆಯನ್ನು ಗುರುತಾಗಿ ಹಿಡಿಯಬೇಡಿ. ಮರಳದಿಬ್ಬ ಮಳೆಗಾಲಕ್ಕೊಂದು ರೂಪ ತಾಳುತ್ತದೆ. ರಸ್ತೆಯ ಕೂಡುದಾರಿಯೂ ಬೇಡ, ರಸ್ತೆಯನ್ನು ನೇರ ಮಾಡಿರುತ್ತಾರೆ. ಹಳೆಯ ಗುಡಿ, ಕೆರೆಯ ಏರಿ, ಕೋಟೆಯ ಮೂಲೆ, ಬೋಳುಗುಡ್ಡದ ತುದಿಯ ಸರ್ವೆ ಕಲ್ಲು, ಇಂಥ ಐದಾರು ಗುರುತು ಸಾಕು. ಮಿರ್ಜಾನ್ ಕೋಟೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಕಡವಿನಮನೆ ಮೊಮ್ಮಗಳು

ಎರಡು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ.

ಮಾಸ್ತರ್ರೇ, ಮೊದಲು ನಿಮ್ಮ ಪಟ್ಟಿ. ದೊಡ್ಡಪ್ಪನ ಹತ್ತಿರ ಕೂತು ಬರೆದೆ. ಹತ್ತು ದಿನದ ಸೂತಕದ ಮನೆಗಳು ಹನ್ನೊಂದು, ಎಲ್ಲ ಘಟ್ಟದ ಮೇಲೆ, ನಮ್ಮ ಮನೆಯಿಂದ ಎರಡು ಹರದಾರಿಯೊಳಗೆ. ಮೂರು ದಿನದ ಮನೆಗಳು ಐದು. ನಾಲ್ಕು ಮೇಲೆಯೇ. ಐದನೆಯದಕ್ಕೆ ದೊಡ್ಡಪ್ಪ ಹೇಳಿದ್ದು, “ಕೆಳಗೆ ಒಂದು ಮನೆ ಇತ್ತು. ನನ್ನ ಮುಂಜಿಯ ವರ್ಷ ಅಲ್ಲಿಂದ ಕಾಗದ ಬಂದು ಮೂರು ದಿನ ಹಿಡಿದದ್ದು ನೆನಪು. ಆಮೇಲೆ ಕಾಗದ ಬರಲಿಲ್ಲ.” ಊರಿನ ಹೆಸರು ಕೇಳಿದರೆ ನೆನಪಾಗಲಿಲ್ಲ. ಸೂಪಾದ ಅಕ್ಕ ಹೇಳಿದ ಹಾಗೆ ನಕಾಶೆ ಹರಡಿ, “ಆ ಕಾಗದಕ್ಕೆ ಉತ್ತರ ಯಾರ ಕೈಯಲ್ಲಿ ಕಳಿಸಿದಿರಿ” ಎಂದು ಕೇಳಿದೆ. ತಕ್ಷಣ ಹೇಳಿದರು, “ಕತಗಾಲದ ತನಕ ಬಸ್ಸಿನಲ್ಲಿ, ಅಲ್ಲಿಂದ ನಡೆದು. ಅಪ್ಪಚ್ಚಿ ಹೋಗಿದ್ದ. ಹೊಳೆ ದಾಟಲಿಕ್ಕೆ ದೋಣಿ ಸಿಗದೆ ಒಂದು ರಾತ್ರಿ ಉಳಿದು ಬಂದ.”

ಏಳು ತಲೆ ದಾಟಿದ ಸೂತಕ ಅಂದಮೇಲೆ, ತಲೆಗೆ ಇಪ್ಪತ್ತೈದು ವರ್ಷ ಹಿಡಿದರೂ ನೂರ ಎಪ್ಪತ್ತೈದು ವರ್ಷಕ್ಕಿಂತ ಹಿಂದಿನ ಮಾತು. ದೇವಿಮನೆಯ ಗಾಡಿ ರಸ್ತೆಗಿಂತ ಹಳೆಯದು. ಹಾಗಾಗಿ ನಮ್ಮವರು ಬಂದದ್ದು ಹೇರೆತ್ತಿನ ದಾರಿಯಲ್ಲೇ ಇರಬೇಕು.

ಹಾಳೆ ಹಿಡಿದುಕೊಂಡು ಅಪ್ಪ, ನಾನು, ತಮ್ಮ ಮೂವರೂ ಹೋದೆವು. ಉಪ್ಪಿನಪಟ್ಟಣದಲ್ಲಿ ಹೊಳೆಯ ದಂಡೆಗೆ ಇಳಿದು ನಿಂತಾಗ ಭರತಿಯ ಹೊತ್ತು. ನೀರು ಮೇಲ್ಮುಖವಾಗಿ, ಘಟ್ಟದ ಕಡೆಗೆ, ಮೆಲ್ಲಗೆ ಹೋಗುತ್ತಿತ್ತು. ಅಪ್ಪ ಒಂದು ಬೊಗಸೆ ತೆಗೆದು ನಾಲಿಗೆಗೆ ಮುಟ್ಟಿಸಿಕೊಂಡು “ಉಪ್ಪಿದೆ” ಅಂದರು.

ಊರಿನಲ್ಲಿ ವಿಚಾರಿಸುತ್ತ ಹೋದಾಗ ದಂಡೆಯಿಂದ ಸ್ವಲ್ಪ ಮೇಲೆ, ತೆಂಗಿನ ತೋಟದ ನಡುವಿನ ಒಂದು ಮನೆಗೆ ಕಳಿಸಿದರು. ಎಪ್ಪತ್ತು ದಾಟಿದ ಅಮ್ಮ ಒಬ್ಬರು ಬೆಲ್ಲ-ನೀರು ಕೊಟ್ಟು ಕೂರಿಸಿದರು. ನಾವು ಮನೆಯ ಹೆಸರು ಹೇಳಿದೆವು, ಗೋತ್ರ ಹೇಳಿದೆವು. ಅವರಿಗೆ ಏನೂ ಹೊಳೆಯಲಿಲ್ಲ. ಕಡೆಗೆ ಅಪ್ಪ ಮುಜುಗರದಿಂದಲೇ ಕೇಳಿದರು, “ನಿಮಗೆ ಘಟ್ಟದ ಮೇಲೆ ಸೂತಕದ ಮನೆ ಯಾವುದಾದರೂ ಇದೆಯಾ?” ಅವರು ಸ್ವಲ್ಪ ಹೊತ್ತು ನಮ್ಮ ಮುಖವನ್ನೇ ನೋಡಿದರು. “ಮೂರು ದಿನದ್ದು ಒಂದಿತ್ತು ಅಂತ ನಮ್ಮತ್ತೆ ಹೇಳುತ್ತಿದ್ದರು. ಮೇಲಿನವರು ಅಡಿಕೆ ಕಳಿಸುವುದು ಬಿಟ್ಟಮೇಲೆ ನಾವೂ ಕಾಗದ ಹಾಕುವುದು ಬಿಟ್ಟೆವು” ಅಂದರು. ಆಮೇಲೆ ಎದ್ದು ಹೋಗಿ ಹೊಳೆಯ ಬದಿಯ ಅಮ್ಮನವರ ಗುಡಿಯನ್ನು ತೋರಿಸಿದರು. ಗುಡಿಯ ಹಿಂದಿನ ಗದ್ದೆಗೆ ಇವತ್ತಿಗೂ ‘ಕಡವಿನಗದ್ದೆ’ ಅನ್ನುತ್ತಾರಂತೆ.

ಇದು ಪೂರ್ತಿ ಸಾಬೀತಾಯಿತು ಎಂದು ನಾನು ಹೇಳುವುದಿಲ್ಲ. ಸರ್ವೆ ನಂಬರ್ ಬರೆದುಕೊಂಡು ಬಂದಿದ್ದೇನೆ. ಹಳೆಯ ಕ್ರಯಪತ್ರದ ನಕಲಿಗೆ ಅರ್ಜಿ ಕೊಟ್ಟಾಗಿದೆ, ಇನ್ನೂ ಕೈಗೆ ಬಂದಿಲ್ಲ. ಆ ಮನೆಯಲ್ಲಿ ಕರಿಬಟ್ಟೆಯ ಒಂದು ಕಡತವೂ ಇದೆ, ಮೋಡಿ ಅಕ್ಷರ. ಚಿತ್ರ ತೆಗೆದುಕೊಂಡು ಬಂದಿದ್ದೇನೆ, ಓದಬಲ್ಲವರು ದಯಮಾಡಿ ತಿಳಿಸಿ.

ವಾಪಸು ಬರುವಾಗ ಘಟ್ಟ ಹತ್ತಿ ಮೇಲೆ ಬಂದು ಚಹಾಕ್ಕೆ ಇಳಿದೆವು. ಸಂಜೆ ಆರು ಗಂಟೆ. ತಮ್ಮ ಕಾರಿನಿಂದ ಶಾಲು ತೆಗೆದು ಅಪ್ಪನಿಗೆ ಹೊದಿಸಿದ. ಆಗ ಮೂವರಿಗೂ ಒಮ್ಮೆಲೇ ಅಜ್ಜಿಯ ಮಾತು ನೆನಪಾಯಿತು.

ಅಂಕೋಲೆ ಮಾಸ್ತರು

ತಂಗೀ, ಓದಿ ಕಣ್ಣು ತುಂಬಿತು. ಕಡತದ ಚಿತ್ರ ಕಳಿಸು, ಮೋಡಿ ನನಗೆ ಅಲ್ಪಸ್ವಲ್ಪ ಬರುತ್ತದೆ. ಈ ವರ್ಷದ ಕಾಯಿ-ಅಡಿಕೆಯನ್ನು ನೀನೇ ಒಯ್ದು ಕೊಟ್ಟು ಬಾ.

ಕೋಡಿಬಾಗದವ

ತುಂಬ ಸಂತೋಷ ಅಕ್ಕಾ. ಒಂದು ಕೇಳುವುದಿತ್ತು. ನಿಮ್ಮ ಅಪ್ಪಚ್ಚಿಗೆ ದೋಣಿ ಸಿಗದೆ ಒಂದು ರಾತ್ರಿ ಉಳಿದರು ಅಂದಿರಲ್ಲ. ಆ ಕಡವಿನಲ್ಲಿ ದೋಣಿ ಹಾಕುತ್ತಿದ್ದವರು ಯಾರು ಅಂತ ಅಲ್ಲಿ ಕೇಳಿದಿರಾ?

ಕಡವಿನಮನೆ ಮೊಮ್ಮಗಳು

ಇಲ್ಲ ಅಣ್ಣಾ, ಕೇಳಲಿಲ್ಲ. ಹೊಸ ಅಡಿಕೆ ಆದಮೇಲೆ ಅಮ್ಮನವರಿಗೆ ಕಾಯಿ ಕೊಡಲು ಹೋಗುತ್ತೇವೆ, ಆಗ ಕೇಳುತ್ತೇನೆ. ತಾರಿಯ ಲಿಲಾವಿನ ಕಾಗದ ಕುಮಟೆಯಲ್ಲಿ ಯಾವ ಕಚೇರಿಯಲ್ಲಿ ಸಿಗಬಹುದು, ಅರ್ಜಿಯಲ್ಲಿ ಏನೆಂದು ಬರೆಯಬೇಕು, ಹೇಳಿಕೊಡಿ.